ಭೂಗೋಳವನ್ನು ಯಾರಾದರೂ ಕಲಿಸಬಹುದೆಂಬ ಭ್ರಮೆ

ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಲು ಆ ವಿಷಯವನ್ನು ಪದವಿಯಲ್ಲಿ ಓದಿರಬೇಕಾಗಿಲ್ಲ, ಕಲಾ ವಿಭಾಗದ ಒಂದು ಪದವಿ ಮತ್ತು ಬಿ.ಎಡ್. ಇದ್ದರೆ ಸಾಕು, ಉಳಿದುದನ್ನು ಪಠ್ಯಪುಸ್ತಕವೇ ನೋಡಿಕೊಳ್ಳುತ್ತದೆ ಎಂಬ ಅಭಿಪ್ರಾಯ ಕರ್ನಾಟಕದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದು ಕೇವಲ ಒಂದು ಅಭಿಪ್ರಾಯ ಎಂಬುದೇ ಮರೆತುಹೋಗಿದೆ. ನೇಮಕಾತಿಯ ನಿಯಮ, ವೇಳಾಪಟ್ಟಿ ಹಾಕುವ ಮುಖ್ಯೋಪಾಧ್ಯಾಯರ ಲೆಕ್ಕಾಚಾರ, ಟ್ಯೂಷನ್ ಎಂದರೆ ಗಣಿತ ಮತ್ತು ವಿಜ್ಞಾನ ಎಂದಷ್ಟೇ ತಿಳಿಯುವ ಪೋಷಕರ ಆಯ್ಕೆ, ಇವೆಲ್ಲವೂ ಅದನ್ನೇ ಆಧಾರವಾಗಿ ಮಾಡಿಕೊಂಡಿವೆ. ಈ ಅಭಿಪ್ರಾಯ ತಪ್ಪು. ಅಷ್ಟೇ ಅಲ್ಲ, ತನಗೆ ಬೇಕಾದ ಪುರಾವೆಯನ್ನು ತಾನೇ ಸೃಷ್ಟಿಸಿಕೊಳ್ಳುವಂಥ ತಪ್ಪು. ಭೂಗೋಳ ಓದದವರನ್ನು ಭೂಗೋಳದ ತರಗತಿಗೆ ಕಳಿಸಿದಾಗ ಪಾಠ ಬಾಯಿಪಾಠಕ್ಕೆ ಇಳಿಯುತ್ತದೆ. ಪಾಠ ಬಾಯಿಪಾಠವಾದ ಮೇಲೆ ಇಂಥ ವಿಷಯಕ್ಕೆ ಪ್ರತ್ಯೇಕ ಶಿಕ್ಷಕರೇಕೆ ಎಂಬ ಮಾತು ಬರುತ್ತದೆ. ಆ ಮಾತಿನ ಬಲದ ಮೇಲೆ ಮುಂದಿನ ನೇಮಕಾತಿಯಲ್ಲಿಯೂ ಭೂಗೋಳ ಓದದವರೇ ತರಗತಿಗೆ ಬರುತ್ತಾರೆ. ಈ ಸುತ್ತನ್ನು ಮುರಿಯದೆ ಪಠ್ಯಪುಸ್ತಕವನ್ನು ಎಷ್ಟು ಸಲ ಪರಿಷ್ಕರಿಸಿದರೂ ಪ್ರಯೋಜನವಾಗದು.

ಮೊದಲಿಗೆ ಹುದ್ದೆಯ ವಿಚಾರ. ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಭೂಗೋಳ ಶಿಕ್ಷಕ ಎಂಬ ಹುದ್ದೆಯೇ ಇಲ್ಲ. ಇರುವುದು ಕಲಾ ವಿಭಾಗದ ಸಹಶಿಕ್ಷಕರ ಹುದ್ದೆ, ಮತ್ತು ಅದರಲ್ಲಿರುವವರ ಪಾಲಿಗೆ ಬರುವುದು ಸಮಾಜ ವಿಜ್ಞಾನ ಎಂಬ ಒಂದು ವಿಷಯ. ಆ ಒಂದು ವಿಷಯದ ಪಠ್ಯಪುಸ್ತಕದೊಳಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನ ಎಂಬ ಆರು ಶಾಸ್ತ್ರಗಳಿವೆ. ಅದೇ ಶಾಲೆಯ ಅದೇ ಸಿಬ್ಬಂದಿ ಪಟ್ಟಿಯಲ್ಲಿ ವಿಜ್ಞಾನದ ಕಡೆ ನೋಡಿದರೆ ಬೇರೆಯೇ ನೀತಿ ಕಾಣುತ್ತದೆ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ ಪಿಸಿಎಂ ಶಿಕ್ಷಕರಿಗೆ ಒಂದು ಹುದ್ದೆ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ ಸಿಬಿಜೆಡ್ ಶಿಕ್ಷಕರಿಗೆ ಇನ್ನೊಂದು ಹುದ್ದೆ. ಸಸ್ಯಶಾಸ್ತ್ರದ ಪದವೀಧರರು ಹತ್ತನೆಯ ತರಗತಿಗೆ ಗಣಿತ ಕಲಿಸುವುದು ಸರಿಯಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಿದೆ. ರಾಜ್ಯಶಾಸ್ತ್ರದ ಪದವೀಧರರು ಎಂಟನೆಯ ತರಗತಿಗೆ ಶಿಲಾಗೋಳ, ವಾಯುಗೋಳ, ಜಲಗೋಳಗಳನ್ನು ಕಲಿಸುವುದು ಹೇಗೆ ಸರಿ ಎಂಬ ಪ್ರಶ್ನೆಯನ್ನು ಮಾತ್ರ ಅದು ಎತ್ತಿಕೊಂಡಿಲ್ಲ.

ಆ ಹುದ್ದೆಗೆ ಬರುವವರು ಯಾರು ಎಂಬುದನ್ನು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಪದವಿ ತರಗತಿಯಲ್ಲಿ ಮೂರು ಐಚ್ಛಿಕ ವಿಷಯಗಳನ್ನು ಜೋಡಿಸಿ ಓದುವ ಪದ್ಧತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಎಚ್‌ಇಪಿ ಜೋಡಣೆಯೇ ರಾಜಮಾರ್ಗ. ಭೂಗೋಳವಿರುವ ಎಚ್‌ಇಜಿ ಜೋಡಣೆ ಅದನ್ನು ಕಲಿಸುವ ಕಾಲೇಜು ಹತ್ತಿರದಲ್ಲಿದ್ದವರಿಗೆ ಮಾತ್ರ ಲಭ್ಯ. ಭೂಗೋಳಕ್ಕೆ ಪ್ರಯೋಗಾಲಯ, ನಕ್ಷೆಗಳು, ಭೂಮಾಪನದ ಸಾಧನಗಳು, ಹವೆಯನ್ನು ಅಳೆಯುವ ಉಪಕರಣಗಳು ಬೇಕಾಗುವುದರಿಂದ ಆ ವಿಭಾಗವನ್ನೇ ತೆರೆಯದ ಕಾಲೇಜುಗಳು ಅನೇಕ ಇವೆ. ಹೀಗಾಗಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಪಿಯುಸಿ ಮತ್ತು ಪದವಿಯಲ್ಲಿ ಎಚ್‌ಇಪಿ ಮಾದರಿಯ ವಿಷಯಗಳನ್ನು ಓದಿ, ಬಿ.ಎಡ್. ಮಾಡಿ ಸಹಶಿಕ್ಷಕರಾದವರೊಬ್ಬರು ಭೂಗೋಳದ ಪುಸ್ತಕವನ್ನು ಕೊನೆಯ ಬಾರಿ ತೆರೆದದ್ದು ತಮ್ಮ ಹತ್ತನೆಯ ತರಗತಿಯಲ್ಲಿ. ಅಂದು ಅವರಿಗೆ ಪಾಠ ಮಾಡಿದವರೂ ಇದೇ ದಾರಿಯಲ್ಲಿ ಬಂದವರಾಗಿರುವ ಸಂಭವವೇ ಹೆಚ್ಚು. ಬಿ.ಎಡ್. ಈ ಕೊರತೆಯನ್ನು ತುಂಬುವುದಿಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಿಂದ ಆ ಪದವಿ ಎರಡು ವರ್ಷದ್ದಾಯಿತು ನಿಜ, ಆದರೆ ಬಿ.ಎಡ್. ಹೇಳಿಕೊಡುವುದು ಬೋಧನೆಯ ವಿಧಾನವನ್ನು, ಪಾಠಯೋಜನೆ ಬರೆಯುವ ಕ್ರಮವನ್ನು. ವಿಷಯಜ್ಞಾನವನ್ನು ಅಭ್ಯರ್ಥಿಯು ಪದವಿಯಿಂದಲೇ ತಂದಿರುತ್ತಾನೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ, ಮತ್ತು ಭೂಗೋಳದ ಮಟ್ಟಿಗೆ ಆ ನಂಬಿಕೆಗೆ ಆಧಾರವಿಲ್ಲ.

ಈ ದೋಷ ರಾಜ್ಯ ಸರ್ಕಾರದ್ದು ಮಾತ್ರವಲ್ಲ. ಕೇಂದ್ರೀಯ ವಿದ್ಯಾಲಯಗಳಲ್ಲಿ ಸಮಾಜ ವಿಜ್ಞಾನದ ಪದವೀಧರ ಶಿಕ್ಷಕರಾಗಲು ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಯಾವುದಾದರೂ ಎರಡನ್ನು ಪದವಿಯಲ್ಲಿ ಓದಿರಬೇಕು, ಅವುಗಳಲ್ಲಿ ಒಂದು ಇತಿಹಾಸ ಇಲ್ಲವೆ ಭೂಗೋಳವಾಗಿರಬೇಕು ಎಂಬ ನಿಯಮವಿದೆ. ನೋಡಲು ಕಟ್ಟುನಿಟ್ಟಾಗಿ ಕಾಣುವ ಈ ನಿಯಮದೊಳಗೆ ಇತಿಹಾಸ ಮತ್ತು ರಾಜ್ಯಶಾಸ್ತ್ರವನ್ನಷ್ಟೇ ಓದಿದವರು ಸಲೀಸಾಗಿ ಹಾದುಬರುತ್ತಾರೆ, ಬಂದು ಭೂಗೋಳವನ್ನೂ ಕಲಿಸುತ್ತಾರೆ.

ಇದರಿಂದ ತರಗತಿಯೊಳಗೆ ಏನಾಗುತ್ತದೆ ಎಂಬುದನ್ನು ಒಂದೇ ಪಾಠವನ್ನು ಹತ್ತಿರದಿಂದ ನೋಡಿ ತಿಳಿಯಬಹುದು. ಪಶ್ಚಿಮ ಘಟ್ಟದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ನೇರ ಅಳತೆಯಲ್ಲಿ ಇನ್ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿರುವ ಚಳ್ಳಕೆರೆಯಲ್ಲಿ ಬೀಳುವುದು ಐದಾರು ನೂರರ ಆಸುಪಾಸು ಮಾತ್ರ. ಪಠ್ಯಪುಸ್ತಕ ಇದಕ್ಕೆ ಆರೋಹ ಮಳೆ, ಮಳೆ ನೆರಳಿನ ಪ್ರದೇಶ ಎಂಬ ಎರಡು ಹೆಸರುಗಳನ್ನು ಕೊಡುತ್ತದೆ, ಅಂದರೆ ಬೆಟ್ಟಕ್ಕೆ ತಡೆದು ಮೇಲೇರಿದ ಗಾಳಿ ಸುರಿಸುವ ಮಳೆ ಮತ್ತು ಬೆಟ್ಟದ ಮರೆಯಲ್ಲಿರುವ ಕಾರಣಕ್ಕೆ ಮಳೆ ಕಾಣದ ನೆಲ. ಹೆಸರುಗಳನ್ನು ಬರೆಸಿ ಮುಂದೆ ಹೋದರೆ ಪಾಠ ಮುಗಿಯಿತು. ಆದರೆ ಬುದ್ಧಿಯುಳ್ಳ ಮಗು ಕೇಳುವ ಪ್ರಶ್ನೆ ಬೇರೆ: ಗಾಳಿ ಮೇಲೆ ಹೋದರೆ ಸೂರ್ಯನಿಗೆ ಹತ್ತಿರವಾಗಿ ಬಿಸಿಯಾಗಬೇಕಲ್ಲವೆ, ತಣ್ಣಗಾಗುವುದೇಕೆ? ಇದಕ್ಕೆ ಉತ್ತರಿಸಬೇಕಾದರೆ ಎತ್ತರಕ್ಕೆ ಹೋದಂತೆ ವಾಯುಭಾರ, ಅಂದರೆ ಮೇಲಿನ ಗಾಳಿಯ ತೂಕದಿಂದ ಬೀಳುವ ಒತ್ತಡ, ಕಡಿಮೆಯಾಗುತ್ತದೆ, ಒತ್ತಡ ಕಡಿಮೆಯಾದಾಗ ಗಾಳಿ ಹಿಗ್ಗುತ್ತದೆ, ಹಿಗ್ಗುವ ಕೆಲಸಕ್ಕೆ ತನ್ನ ಶಾಖವನ್ನೇ ವ್ಯಯಿಸುತ್ತದೆ, ಹಾಗಾಗಿ ಆವಿ ಘನೀಭವಿಸುವ ಮೊದಲು ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಂಪಾಗುತ್ತದೆ ಎಂಬುದನ್ನು ತಿಳಿದಿರಬೇಕು. ಆವಿ ಹನಿಯಾಗುವಾಗ ಅದರಲ್ಲಿದ್ದ ಗುಪ್ತೋಷ್ಣ, ಅಂದರೆ ಅಡಗಿದ್ದ ಶಾಖ, ಹೊರಬಿದ್ದು ತಂಪಾಗುವ ವೇಗ ಇಳಿಯುತ್ತದೆ. ಘಟ್ಟ ದಾಟಿದ ಗಾಳಿ ಇಳಿಯುವಾಗ ಒತ್ತಲ್ಪಟ್ಟು ಬಿಸಿಯಾಗುತ್ತದೆ, ಬಿಸಿಯಾದ ಗಾಳಿಯ ಆವಿ ಹಿಡಿಯುವ ಶಕ್ತಿ ಹೆಚ್ಚಾಗಿ ಮೋಡ ಕರಗುತ್ತದೆ. ಚಳ್ಳಕೆರೆಯ ಒಣನೆಲಕ್ಕೆ ಇದು ಕಾರಣ. ಇದರಲ್ಲಿ ಪ್ರೌಢಶಾಲೆಯ ಮಗುವಿಗೆ ಅರ್ಥವಾಗದ್ದು ಏನೂ ಇಲ್ಲ. ಸೈಕಲ್ ಪಂಪಿನ ಕೊಳವೆ ಗಾಳಿ ಹೊಡೆಯುವಾಗ ಬಿಸಿಯಾಗುವುದನ್ನು ಮುಟ್ಟಿ ನೋಡಿದ ಮಗು ಇದನ್ನು ಕೂಡಲೇ ಗ್ರಹಿಸುತ್ತದೆ. ಅರ್ಥವಾಗದೆ ಉಳಿಯುವುದು ಹೇಳುವವರಿಗೆ ತಿಳಿಯದಿದ್ದಾಗ ಮಾತ್ರ, ಮತ್ತು ಆಗ ಮಗುವಿಗೆ ಸಿಗುವ ಉತ್ತರ, ಅದು ಪರೀಕ್ಷೆಗೆ ಬರುವುದಿಲ್ಲ ಎಂಬುದು.

ಈ ಉದಾಹರಣೆ ತೋರಿಸುವುದು ಶಿಕ್ಷಕರ ಅಸಡ್ಡೆಯನ್ನಲ್ಲ. ಎಚ್‌ಇಪಿ ಓದಿ ಬಂದ ಅಸಂಖ್ಯಾತ ಶಿಕ್ಷಕರು ರಾತ್ರಿ ಕುಳಿತು ಓದಿ, ಸಹೋದ್ಯೋಗಿಗಳನ್ನು ಕೇಳಿ, ಗೋಳವನ್ನೂ ಭೂಪಟವನ್ನೂ ಸ್ವಂತ ಖರ್ಚಿನಲ್ಲಿ ತಂದು ಪಾಠ ಮಾಡುತ್ತಿದ್ದಾರೆ. ಅವರ ಶ್ರಮದಿಂದಲೇ ಭೂಗೋಳ ಇಷ್ಟಾದರೂ ಉಳಿದಿದೆ. ಇಲ್ಲಿ ಅಪರಾಧಿಸ್ಥಾನದಲ್ಲಿ ನಿಲ್ಲಬೇಕಾದದ್ದು ಅವರಿಗೆ ಆ ಹೊರೆಯನ್ನು ಹೊರಿಸಿದ ವ್ಯವಸ್ಥೆ. ಉದಾಹರಣೆ ತೋರಿಸುವ ನಿಜವಾದ ಸಂಗತಿಯೆಂದರೆ, ಭೂಗೋಳದ ಅರ್ಧಭಾಗ ನಿಸರ್ಗ ವಿಜ್ಞಾನ. ನೆಲದ ರೂಪ ಹೇಗೆ ಬದಲಾಗುತ್ತದೆ, ಗಾಳಿ ಏಕೆ ಬೀಸುತ್ತದೆ, ಸಾಗರದ ಪ್ರವಾಹ ಎತ್ತ ತಿರುಗುತ್ತದೆ ಎಂಬುವುಗಳನ್ನು ಕಲಾ ವಿಭಾಗವೆಂಬ ಹಣೆಪಟ್ಟಿಯಡಿ ತಂದು, ಭೌತಶಾಸ್ತ್ರವನ್ನೂ ಭೂಗೋಳವನ್ನೂ ಹತ್ತನೆಯ ತರಗತಿಯ ನಂತರ ಮುಟ್ಟದವರ ಕೈಗೆ ಒಪ್ಪಿಸಿರುವುದು ಈ ಅಭಿಪ್ರಾಯದ ಮೂಲಭೂತ ದೋಷ. ಫಿನ್ಲೆಂಡಿನ ಪ್ರೌಢ ಹಂತದಲ್ಲಿ ಭೂಗೋಳ ಜೀವವಿಜ್ಞಾನದೊಂದಿಗೆ ಜೋಡಿಯಾಗಿದೆ, ಇವೆರಡನ್ನೂ ಒಬ್ಬರೇ ಕಲಿಸುತ್ತಾರೆ ಎಂಬುದನ್ನು ನೆನೆದರೆ, ಭೂಗೋಳವು ಇತಿಹಾಸದ ಬಾಲವಾಗಿರಬೇಕೆಂಬುದು ದೈವನಿಯಮವಲ್ಲ, ಕೇವಲ ಆಡಳಿತದ ರೂಢಿ ಎಂಬುದು ತಿಳಿಯುತ್ತದೆ.

ನಕ್ಷೆಯ ವಿಷಯಕ್ಕೆ ಬಂದರೆ ಹಾನಿ ಇನ್ನೂ ಸ್ಪಷ್ಟ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಭಾರತದ ರೇಖಾನಕ್ಷೆ ಬರೆದು ಕೆಲವು ಸ್ಥಳಗಳನ್ನು ಗುರುತಿಸುವ ಒಂದು ಪ್ರಶ್ನೆ ಇರುತ್ತದೆ. ಅದು ಖಚಿತವಾಗಿ ಸಿಗುವ ಅಂಕವಾದ್ದರಿಂದ, ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕೊಡುವ ಪಾಸಿಂಗ್ ಪ್ಯಾಕೇಜಿನಲ್ಲಿ ಅದಕ್ಕೆ ಮೊದಲ ಸ್ಥಾನ; ಮಕ್ಕಳು ನಕ್ಷೆಯ ಹೊರಗೆರೆಯನ್ನು ರಂಗೋಲಿಯಂತೆ ಕೈಗೆ ರೂಢಿ ಮಾಡಿಕೊಳ್ಳುತ್ತಾರೆ. ಇದು ನಕ್ಷೆ ಬರೆಯುವ ಅಭ್ಯಾಸವೇ ಹೊರತು ನಕ್ಷೆ ಓದುವ ವಿದ್ಯೆಯಲ್ಲ. ನಕ್ಷೆ ಓದುವುದೆಂದರೆ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆಯನ್ನು, ಅಂದರೆ ನೆಲದ ಮೇಲಿನ ಅರ್ಧ ಕಿಲೋಮೀಟರನ್ನು ಒಂದು ಸೆಂಟಿಮೀಟರಿನಲ್ಲಿ ತೋರುವ ನಕ್ಷೆಯನ್ನು, ಮುಂದಿಟ್ಟುಕೊಂಡು ಸಮೋನ್ನತ ರೇಖೆಗಳಿಂದ, ಎಂದರೆ ಒಂದೇ ಎತ್ತರದ ಬಿಂದುಗಳನ್ನು ಸೇರಿಸುವ ಗೆರೆಗಳಿಂದ, ಇಳಿಜಾರು ಎಲ್ಲಿ ಕಡಿದು, ಕಣಿವೆ ಎಲ್ಲಿ ಅಗಲ, ನೀರು ಎತ್ತ ಹರಿದೀತು ಎಂದು ಹೇಳಬಲ್ಲವರಾಗುವುದು. ಐಸಿಎಸ್‌ಇ ಪಠ್ಯಕ್ರಮದ ಹತ್ತನೆಯ ತರಗತಿಯಲ್ಲಿ ಭೂಗೋಳ ಪ್ರತ್ಯೇಕ ಪತ್ರಿಕೆ, ಮತ್ತು ಅದರಲ್ಲಿ ಇಂಥ ನಕ್ಷೆಯನ್ನು ಓದಿ ಉತ್ತರಿಸುವ ಪ್ರಶ್ನೆ ಕಡ್ಡಾಯ. ಬೆಂಗಳೂರಿನ ದುಬಾರಿ ಶಾಲೆಯ ಮಗು ಕಲಿಯುವ ಈ ವಿದ್ಯೆ ಶಿರಸಿಯ ಅಥವಾ ಸಿಂಧನೂರಿನ ಸರ್ಕಾರಿ ಶಾಲೆಯ ಮಗುವಿಗೆ ಸಿಗುವುದಿಲ್ಲ. ಸಲಕರಣೆಯ ಕೊರತೆ ಇದಕ್ಕೆ ನೆಪವಾಗದು: ಸರ್ವೇಕ್ಷಣಾ ಇಲಾಖೆ 2017ರಲ್ಲಿ ತೆರೆದ ‘ನಕ್ಷೆ’ ಎಂಬ ಜಾಲತಾಣದ ಮೂಲಕ ಸಾರ್ವಜನಿಕರಿಗೆ ಸ್ಥಳಾಕೃತಿ ನಕ್ಷೆಗಳನ್ನು ಉಚಿತವಾಗಿ ಒದಗಿಸಿತು. ನಕ್ಷೆ ಉಚಿತವಾಗಿದೆ, ಅದನ್ನು ಓದಲು ಕಲಿತವರನ್ನು ನೇಮಿಸುವ ನಿಯಮ ಇಲ್ಲ. 1800ರಲ್ಲಿ ಸರ್ವೇಕ್ಷಕ ವಿಲಿಯಂ ಲ್ಯಾಂಬ್ಟನ್ ತನ್ನ ಸರ್ವೇಕ್ಷಣೆಯ ಆಧಾರರೇಖೆಯನ್ನು ಅಳೆದದ್ದು ಬೆಂಗಳೂರಿನ ಬಯಲಿನಲ್ಲಿ ಎಂಬುದನ್ನು ನೆನೆದರೆ ಈ ಸ್ಥಿತಿ ಇನ್ನಷ್ಟು ನೋವು ತರುತ್ತದೆ.

ಪ್ರಚಲಿತ ಅಭಿಪ್ರಾಯದ ಸಮರ್ಥಕರಲ್ಲಿ ಗಂಭೀರವಾಗಿ ಮಾತನಾಡುವವರು ಮುಂದಿಡುವ ವಾದ ಸಮಗ್ರತೆಯದು. ಬದುಕು ಇತಿಹಾಸ, ಭೂಗೋಳ ಎಂದು ಹರಿದು ಹಂಚಿಲ್ಲ, ಆದ್ದರಿಂದ ಮಕ್ಕಳಿಗೂ ಅವುಗಳನ್ನು ಬೆಸೆದು ಕಲಿಸಬೇಕು, ಬೆಸೆಯಲು ಒಬ್ಬರೇ ಶಿಕ್ಷಕರಿರುವುದು ಅನುಕೂಲ ಎಂಬುದು ಆ ವಾದ. ಇದರ ಆಶಯಕ್ಕೆ ಯಾರ ವಿರೋಧವೂ ಇರಲಾರದು. ಆದರೆ ಈಗ ನಡೆಯುತ್ತಿರುವುದು ಬೆಸುಗೆಯಲ್ಲ: ಪಠ್ಯಪುಸ್ತಕದಲ್ಲಿ ಆರು ಶಾಸ್ತ್ರಗಳು ಆರು ವಿಭಾಗಗಳಾಗಿ ಒಂದರ ನಂತರ ಒಂದು ಬರುತ್ತವೆ, ಪ್ರಶ್ನೆಪತ್ರಿಕೆಯಲ್ಲಿಯೂ ಆಯಾ ವಿಭಾಗದ ಅಂಕ ಆಯಾ ವಿಭಾಗಕ್ಕೆ. ಒಂದಾಗಿರುವುದು ಶಿಕ್ಷಕರ ಹುದ್ದೆ ಮಾತ್ರ. ಕೃಷ್ಣಾ ಕಣಿವೆಯ ನೀರಿನ ವ್ಯಾಜ್ಯವನ್ನು ಇತಿಹಾಸ, ರಾಜಕಾರಣ, ಆರ್ಥಿಕತೆಗಳೊಂದಿಗೆ ಬೆಸೆದು ಹೇಳಬೇಕಾದರೆ ಜಲಾನಯನ ಪ್ರದೇಶ ಎಂದರೇನು, ಜಲವಿಭಾಜಕ ಗೆರೆ ಎಲ್ಲಿ ಹಾಯುತ್ತದೆ, ಎಲ್ಲಿ ಬಿದ್ದ ಮಳೆ ಯಾವ ನದಿಗೆ ಸೇರುತ್ತದೆ ಎಂಬ ಭೂಗೋಳ ಮೊದಲು ಗಟ್ಟಿಯಾಗಿ ಗೊತ್ತಿರಬೇಕು. ವಿಷಯಗಳನ್ನು ಜೋಡಿಸಿರುವ ದೇಶಗಳು ಈ ಎಚ್ಚರವನ್ನು ಬಿಟ್ಟಿಲ್ಲ. ಫ್ರಾನ್ಸಿನಲ್ಲಿ ಇತಿಹಾಸ ಮತ್ತು ಭೂಗೋಳವನ್ನು ಒಬ್ಬರೇ ಕಲಿಸುತ್ತಾರೆ, ಆದರೆ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಅಭ್ಯರ್ಥಿ ಎರಡರಲ್ಲಿಯೂ ಪರೀಕ್ಷೆಗೆ ಒಳಗಾಗಬೇಕು. ಹಾಗಿದ್ದೂ ಬಹುಮಂದಿ ಇತಿಹಾಸದ ಹಿನ್ನೆಲೆಯವರೇ ಆಗಿರುವುದರಿಂದ ಭೂಗೋಳಕ್ಕೆ ನಷ್ಟವಾಗುತ್ತಿದೆ ಎಂಬ ದೂರು ಅಲ್ಲಿ ಇದೆ. ಜರ್ಮನಿಯ ಗಿಮ್ನಾಸಿಯಂ ಶಾಲೆಯ ಶಿಕ್ಷಕರು ಸಾಮಾನ್ಯವಾಗಿ ಎರಡು ವಿಷಯಗಳನ್ನು ಕಲಿಸುವವರಾದರೂ ಎರಡನ್ನೂ ವಿಶ್ವವಿದ್ಯಾಲಯದಲ್ಲಿ ಓದಿರುತ್ತಾರೆ. ಆಯಾ ವಿಷಯವನ್ನು ಪದವಿಯಲ್ಲಿ ಓದಿರಬೇಕೆಂಬ ನಿಯಮವೂ ಇಲ್ಲದೆ ಆರು ವಿಷಯಗಳನ್ನು ಒಬ್ಬರಿಗೇ ಒಪ್ಪಿಸಿ ಅದನ್ನು ಸಮಗ್ರತೆ ಎಂದು ಕರೆಯುವುದು ಸಮಗ್ರತೆಯ ವಾದಕ್ಕೇ ಮಾಡುವ ಅನ್ಯಾಯ.

ಇನ್ನು ಹಣದ ಮಾತು. ನೂರಿನ್ನೂರು ಮಕ್ಕಳಿರುವ ಹಳ್ಳಿಯ ಪ್ರೌಢಶಾಲೆಗೆ ಪ್ರತ್ಯೇಕ ಭೂಗೋಳ ಶಿಕ್ಷಕರನ್ನು ಕೊಡುವುದು ಸಾಧ್ಯವೆ, ಇರುವ ಹುದ್ದೆಗಳೇ ಖಾಲಿ ಬಿದ್ದು ಅತಿಥಿ ಶಿಕ್ಷಕರಿಂದ ನಡೆಯುತ್ತಿರುವಾಗ ಇದು ದೂರದ ಮಾತಲ್ಲವೆ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರವನ್ನು ವಿದೇಶದಲ್ಲಿ ಹುಡುಕಬೇಕಾಗಿಲ್ಲ. ಪಶ್ಚಿಮ ಬಂಗಾಳದ ಹತ್ತನೆಯ ತರಗತಿಯ ಮಾಧ್ಯಮಿಕ ಪರೀಕ್ಷೆಯಲ್ಲಿ ಇತಿಹಾಸ ಬೇರೆ, ಭೂಗೋಳ ಬೇರೆ. ಭೂಗೋಳಕ್ಕೆ 90 ಅಂಕಗಳ ಲಿಖಿತ ಪರೀಕ್ಷೆ ಮತ್ತು 10 ಅಂಕಗಳ ಆಂತರಿಕ ಮೌಲ್ಯಮಾಪನ, ಮತ್ತು ಅದಕ್ಕೆ ಭೂಗೋಳ ಓದಿದವರನ್ನೇ ವಿಷಯವಾರು ನೇಮಿಸುವ ಪದ್ಧತಿ. ಬಂಗಾಳ ಕರ್ನಾಟಕಕ್ಕಿಂತ ಶ್ರೀಮಂತ ರಾಜ್ಯವೇನಲ್ಲ. ನೆರೆಯ ಮಹಾರಾಷ್ಟ್ರದ ಹತ್ತನೆಯ ತರಗತಿಯಲ್ಲಿ ಇತಿಹಾಸ ಮತ್ತು ರಾಜ್ಯಶಾಸ್ತ್ರಕ್ಕೆ 40 ಅಂಕಗಳ ಒಂದು ಪತ್ರಿಕೆಯಾದರೆ ಭೂಗೋಳಕ್ಕೆ 40 ಅಂಕಗಳ ಇನ್ನೊಂದು ಪತ್ರಿಕೆ. ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಆ ಭೂಗೋಳವನ್ನು ಕನ್ನಡದಲ್ಲಿಯೇ ಓದಿ, ಕನ್ನಡದಲ್ಲಿಯೇ ಉತ್ತರಿಸುತ್ತಾರೆ. ಗಡಿಯಾಚೆಯ ಕನ್ನಡ ಮಗುವಿಗೆ ಸಾಧ್ಯವಾದದ್ದು ಗಡಿಯೀಚೆ ಅಸಾಧ್ಯವೆಂದು ಹೇಳುವುದಕ್ಕೆ ಕಾರಣವಿಲ್ಲ. ಅಲ್ಲದೆ ಇಲ್ಲಿ ಕೇಳುತ್ತಿರುವುದು ಪ್ರತಿ ಶಾಲೆಗೆ ಹೊಸ ಹುದ್ದೆಯನ್ನೂ ಅಲ್ಲ. ಎರಡು ಕಲಾ ಹುದ್ದೆಗಳಿರುವಲ್ಲಿ ಒಂದಕ್ಕೆ ಭೂಗೋಳ ಓದಿದವರು, ಒಂದೇ ಹುದ್ದೆ ಇರುವಲ್ಲಿ ಪದವಿಯ ಐಚ್ಛಿಕ ವಿಷಯಗಳಲ್ಲಿ ಭೂಗೋಳವೂ ಒಂದಾಗಿರುವವರು ಇರಬೇಕೆಂಬುದಷ್ಟೇ ನೇಮಕಾತಿಯ ಮಟ್ಟಿಗಿನ ಬೇಡಿಕೆ. ನೇಮಕಾತಿಯ ಈ ಬದಲಾವಣೆಗೆ ಬೊಕ್ಕಸದಿಂದ ಒಂದು ರೂಪಾಯಿಯೂ ಹೆಚ್ಚು ಹೋಗುವುದಿಲ್ಲ.

ಸೇವೆಗೆ ಸೇರಿದ ಮೇಲೆ ತರಬೇತಿ ಕೊಟ್ಟರಾಯಿತು ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಪದವಿಯ ಮೂರು ವರ್ಷದ ಪ್ರಾಯೋಗಿಕ ಅಭ್ಯಾಸದಿಂದ ಬರುವ ತಿಳಿವನ್ನು ಕೆಲವು ದಿನಗಳ ತರಬೇತಿ ಕೊಡಲಾರದು.

ವೃತ್ತಿಜೀವನದ ದಾರಿಗಳು ಈ ಅಭಿಪ್ರಾಯವನ್ನು ಮತ್ತಷ್ಟು ಬಲಪಡಿಸಿವೆ, ಮತ್ತು ಈ ಅಂಶದ ಬಗ್ಗೆ ಚರ್ಚೆಯೇ ನಡೆದಿಲ್ಲ. ಭೂಗೋಳದಲ್ಲಿ ಸ್ನಾತಕೋತ್ತರ ಪದವಿ ಪಡೆದ ತರುಣಿಯೊಬ್ಬಳು ಪ್ರೌಢಶಾಲೆಗೆ ಬಂದರೆ ಅವಳ ಆ ಓದಿಗೆ ನೇಮಕಾತಿಯಲ್ಲಿ ವಿಶೇಷ ಮಾನ್ಯತೆಯಿಲ್ಲ. ಬಂದ ಮೇಲೆ ಅವಳು ಕಲಿಸಬೇಕಾದದ್ದು ಆರು ವಿಷಯಗಳನ್ನು, ಅಗತ್ಯ ಬಿದ್ದರೆ ಇಂಗ್ಲಿಷನ್ನೂ. ಮುಖ್ಯೋಪಾಧ್ಯಾಯ ಹುದ್ದೆಯ ಬಡ್ತಿಗೆ ಸೇವಾ ಹಿರಿತನ ಲೆಕ್ಕಕ್ಕೆ ಬರುತ್ತದೆಯೇ ಹೊರತು ವಿಷಯದ ಪಾಂಡಿತ್ಯವಲ್ಲ. ಪದವಿಪೂರ್ವ ಕಾಲೇಜಿನ ಉಪನ್ಯಾಸಕರಾಗಲು ಆಯಾ ವಿಷಯದ ಸ್ನಾತಕೋತ್ತರ ಪದವಿ ಬೇಕು. ದುಡಿಯುತ್ತಲೇ ಓದುವ ಶಿಕ್ಷಕರಿಗೆ ಪ್ರಾಯೋಗಿಕ ತರಗತಿಗಳಿಲ್ಲದ ವಿಷಯವೇ ಅನುಕೂಲವಾದ್ದರಿಂದ ಭೂಗೋಳ ಅಲ್ಲಿಯೂ ಹಿಂದೆ ಬೀಳುತ್ತದೆ. ಇತ್ತ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು, ಉಪಗ್ರಹ ಚಿತ್ರ ಮತ್ತು ಗಣಕೀಕೃತ ನಕ್ಷೆಗಳ ಕೆಲಸ ಮಾಡುವ ಸಂಸ್ಥೆಗಳು ಅದೇ ಪದವೀಧರರನ್ನು ಕರೆದುಕೊಳ್ಳುತ್ತವೆ. ಭೂಗೋಳ ಓದಿದವರು ಶಾಲೆಗೆ ಬರುವುದಿಲ್ಲ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಅವರು ಬರುವಂಥ ಬಾಗಿಲನ್ನು ಶಾಲೆ ತೆರೆದಿಲ್ಲ ಎಂಬುದು ಅದರ ಸರಿಯಾದ ಉತ್ತರ. ಶಾಲೆಯಲ್ಲಿ ಭೂಗೋಳದ ಹುದ್ದೆ ಇಲ್ಲವೆಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಆ ವಿಷಯ ಆರಿಸಿಕೊಳ್ಳುವುದಿಲ್ಲ, ವಿದ್ಯಾರ್ಥಿಗಳಿಲ್ಲವೆಂದು ಕಾಲೇಜು ವಿಭಾಗ ತೆರೆಯುವುದಿಲ್ಲ.

ಇಂಥ ಸ್ಥಿತಿಯಿಂದ ಹೊರಬಂದ ಇಂಗ್ಲೆಂಡಿನ ಚರಿತ್ರೆ ಗಮನಾರ್ಹ. ಜಾನ್ ಸ್ಕಾಟ್ ಕೆಲ್ಟಿ 1885ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಗೆ ಸಲ್ಲಿಸಿದ ವರದಿಯಲ್ಲಿ, ಯುರೋಪಿನ ಶಾಲೆಗಳೊಂದಿಗೆ ಹೋಲಿಸಿದರೆ ಇಂಗ್ಲೆಂಡಿನಲ್ಲಿ ಭೂಗೋಳ ಬೋಧನೆ ಎಷ್ಟು ಹಿಂದುಳಿದಿದೆ ಎಂಬುದನ್ನು ತೋರಿಸಿದನು. 1893ರಲ್ಲಿ ಶಾಲಾ ಶಿಕ್ಷಕರೂ ಹಾಲ್ಫೋರ್ಡ್ ಮೆಕಿಂಡರ್‌ನಂಥ ವಿದ್ವಾಂಸರೂ ಸೇರಿ ಜಿಯಾಗ್ರಫಿಕಲ್ ಅಸೋಸಿಯೇಷನ್ ಕಟ್ಟಿದರು; ಪಾಠಕ್ಕೆ ಬೇಕಾದ ಚಿತ್ರಫಲಕಗಳನ್ನು ಪರಸ್ಪರ ಹಂಚಿಕೊಳ್ಳುವುದು ಅದರ ಆರಂಭದ ಕೆಲಸಗಳಲ್ಲಿ ಒಂದಾಗಿತ್ತು. 1899ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಭೂಗೋಳದ ವಿಭಾಗ ತೆರೆದಾಗ ಅಲ್ಲಿಗೆ ಕಲಿಯಲು ಬಂದವರಲ್ಲಿ ಶಿಕ್ಷಕರೇ ಬಹಳ. ಲಂಡನ್ನಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದ ಜೇಮ್ಸ್ ಫೇರ್‌ಗ್ರೀವ್ ಮುಂದೆ ಶಿಕ್ಷಕರ ತರಬೇತಿ ಕಾಲೇಜಿಗೆ ಹೋಗಿ, 1926ರಲ್ಲಿ ಭೂಗೋಳ ಬೋಧನೆಯ ಕುರಿತು ಬರೆದ ಗ್ರಂಥ ದೀರ್ಘಕಾಲ ಶಿಕ್ಷಕರ ಕೈಪಿಡಿಯಾಯಿತು. ಭೂಗೋಳ ವಿಶ್ವವಿದ್ಯಾಲಯದ ಶಾಸ್ತ್ರವಾಗಿ ಅಲ್ಲಿ ಬೆಳೆದದ್ದು ಶಾಲೆಗೆ ತಿಳಿದ ಶಿಕ್ಷಕರು ಬೇಕೆಂಬ ಒತ್ತಾಯದಿಂದ.

ಮೊಬೈಲಿನಲ್ಲಿ ನಕ್ಷೆ ಇರುವಾಗ ಇದೆಲ್ಲ ಯಾಕೆ ಎಂಬವರೂ ಇದ್ದಾರೆ. ಮೊಬೈಲು ದಾರಿ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಪಶ್ಚಿಮ ಘಟ್ಟಗಳ ಕುರಿತ ಕಸ್ತೂರಿರಂಗನ್ ಸಮಿತಿಯ 2013ರ ವರದಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವನ್ನು, 1,576 ಹಳ್ಳಿಗಳನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿದಾಗ ಮಲೆನಾಡಿನ ಊರೂರುಗಳಲ್ಲಿ ಸಭೆಗಳು ನಡೆದವು. ಆ ವರದಿಯನ್ನು ಒಪ್ಪುವುದಕ್ಕೂ ವಿರೋಧಿಸುವುದಕ್ಕೂ ಅದರ ನಕ್ಷೆಯನ್ನು ಸ್ವತಃ ಓದಬಲ್ಲ ಜನ ಬೇಕಾಗಿತ್ತು. ಓದಲು ಕಲಿಸಬೇಕಾದ ಶಾಲೆ ಆ ಕೆಲಸ ಮಾಡಿರಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. ಕಡಿದ ಇಳಿಜಾರು ಮಳೆನೀರು ಕುಡಿದಾಗ ಏನಾಗುತ್ತದೆ ಎಂಬುದು ಪ್ರೌಢಶಾಲೆಯ ಭೂಗೋಳದ ಪಾಠ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ ಬಡಾವಣೆಗಳು ಮುಳುಗಿದವು. ಬೆಂಗಳೂರು ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ, ಅದರ ಪಶ್ಚಿಮದ ನೀರು ವೃಷಭಾವತಿಗೂ ಪೂರ್ವದ ನೀರು ಕೋರಮಂಗಲ ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳಿಗೂ ಇಳಿಯುತ್ತದೆ, ಬೆಳ್ಳಂದೂರು ಕೆರೆ ಆ ಇಳಿಜಾರಿನ ತಗ್ಗಿನಲ್ಲಿದೆ ಎಂಬುದನ್ನು ಒಂದು ಸಮೋನ್ನತ ನಕ್ಷೆ ಹಿಡಿದು ಒಂದೇ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಕಾಣಿಸಬಹುದು. ಹಾಗೆ ಕಂಡ ಮಗು ಮುಂದೆ ನಿವೇಶನ ಕೊಳ್ಳುವಾಗ, ಪಂಚಾಯಿತಿಯಲ್ಲಿ ಕುಳಿತಾಗ, ಎಂಜಿನಿಯರಾಗಿ ಕಡತಕ್ಕೆ ಸಹಿ ಹಾಕುವಾಗ ಅದನ್ನು ಮರೆಯುವುದಿಲ್ಲ.

ಆದ್ದರಿಂದ ಪ್ರೌಢಶಾಲಾ ಸಹಶಿಕ್ಷಕರ ಮುಂದಿನ ನೇಮಕಾತಿ ಅಧಿಸೂಚನೆ ಹೊರಡುವ ಮುನ್ನ ವೃಂದ ಮತ್ತು ನೇಮಕಾತಿ ನಿಯಮಗಳಿಗೆ ತಿದ್ದುಪಡಿಯಾಗಬೇಕು: ವಿಜ್ಞಾನದಲ್ಲಿ ಪಿಸಿಎಂ, ಸಿಬಿಜೆಡ್ ಎಂದು ಹುದ್ದೆಗಳನ್ನು ಬೇರ್ಪಡಿಸಿದಂತೆ ಕಲಾ ವಿಭಾಗದಲ್ಲಿಯೂ ಭೂಗೋಳವಿರುವ ಜೋಡಣೆಗೆ ಹುದ್ದೆಗಳ ಒಂದು ಪಾಲನ್ನು ಮೀಸಲಿಡಬೇಕು, ಭೂಗೋಳ ಓದದೆ ಈಗಾಗಲೇ ಸೇವೆಯಲ್ಲಿರುವವರಿಗೆ ವೇತನಸಹಿತ ರಜೆಯ ಮೇಲೆ ಒಂದು ವರ್ಷದ ಪ್ರಾಯೋಗಿಕ ಕೋರ್ಸನ್ನು ರಾಜ್ಯದ ವಿಶ್ವವಿದ್ಯಾಲಯಗಳ ಭೂಗೋಳ ವಿಭಾಗಗಳಲ್ಲಿ ತೆರೆಯಬೇಕು. ಶಿಕ್ಷಕರ ಸಂಘಗಳು ವೇತನ ಮತ್ತು ವರ್ಗಾವಣೆಯ ಬೇಡಿಕೆಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಬೇಕು. ಪೋಷಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ತಮ್ಮ ಮಕ್ಕಳಿಗೆ ಭೂಗೋಳ ಕಲಿಸುತ್ತಿರುವವರು ಅದನ್ನು ಎಲ್ಲಿ, ಯಾವ ತರಗತಿಯವರೆಗೆ ಓದಿದ್ದಾರೆ ಎಂದು ಕೇಳಬೇಕು, ಮತ್ತು ಆ ಪ್ರಶ್ನೆಯನ್ನು ಶಿಕ್ಷಕರ ಮೇಲೆ ಹೊರಿಸದೆ ಇಲಾಖೆಗೆ ಬರೆದು ಕಳಿಸಬೇಕು.